ಸ್ವತಂತ್ರ ಭಾಷಾವೃತ್ತಿ: ಯಾವ ಕೌಶಲವನ್ನು ಬೆಳೆಸಿಕೊಳ್ಳಬೇಕು?

ಮುಂಬಯಿ ಕನ್ನಡಿಗರ ಬದುಕಿನಲ್ಲಿ ರಾತ್ರಿಶಾಲೆಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಹಗಲೆಲ್ಲ ಹೋಟೆಲು, ಅಂಗಡಿಗಳಲ್ಲಿ ದುಡಿದು ಸಂಜೆ ಪುಸ್ತಕ ಹಿಡಿದು ಕುಳಿತ ಎಷ್ಟೋ ತರುಣರು ಮುಂದೆ ಬೆರಳಚ್ಚು, ಶೀಘ್ರಲಿಪಿ, ಲೆಕ್ಕಪತ್ರಗಳನ್ನು ಕಲಿತು ಕಚೇರಿಗಳಲ್ಲಿ ನೆಲೆ ಕಂಡರು. ಅವರು ಬೆರಳಚ್ಚನ್ನು ಆರಿಸಿಕೊಂಡದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಕಚೇರಿಗಳು ಅದನ್ನು ಕೇಳುತ್ತಿದ್ದವು. ಕಲಿಯಲು ಕೆಲವು ತಿಂಗಳು ಸಾಕಾಗುತ್ತಿತ್ತು. ಕಲಿತದ್ದನ್ನು ಹತ್ತು ನಿಮಿಷಗಳ ಪರೀಕ್ಷೆಯಲ್ಲಿ ತೋರಿಸಿಕೊಡಲು ಸಾಧ್ಯವಿತ್ತು. ವೃತ್ತಿಗೆ ಬೇಕಾದ ಕೌಶಲವನ್ನು ಆರಿಸಿಕೊಳ್ಳುವಾಗ ಇಂದಿಗೂ ಅನ್ವಯವಾಗುವ ಅಳತೆಗೋಲುಗಳು ಇವೇ ಆಗಿವೆ.

ಇಂದು ನಮ್ಮ ಕುಟುಂಬಗಳಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತಿದೆ. ಸಂಬಳದ ನೌಕರಿಯ ಬದಲು, ಅಥವಾ ಅದರ ಜೊತೆಗೆ, ಸ್ವತಂತ್ರವಾಗಿ ಕೆಲಸ ಹಿಡಿದು ಮಾಡುವ ಫ್ರೀಲಾನ್ಸ್ ವೃತ್ತಿಯತ್ತ ಹಲವರು ಒಲಿಯುತ್ತಿದ್ದಾರೆ. ನಿವೃತ್ತರಾದ ಅಧಿಕಾರಿಗಳು, ಮಕ್ಕಳು ಬೆಳೆದ ಮೇಲೆ ಪುನಃ ದುಡಿಯಬಯಸುವ ಗೃಹಿಣಿಯರು, ಪದವಿ ಮುಗಿಸಿದ ತರುಣ ತರುಣಿಯರು ಎಲ್ಲರೂ ಕೇಳುವುದು ಒಂದೇ: ಏನನ್ನು ಕಲಿತರೆ ಕೆಲಸ ಸಿಕ್ಕೀತು? ಹೊರನಾಡ ಕನ್ನಡ ಮನೆಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಗಳ ಜೊತೆಗೆ ಮರಾಠಿಯೋ ತಮಿಳೋ ತೆಲುಗೋ ಸಹಜವಾಗಿಯೇ ಇರುವುದರಿಂದ, ಈ ಲೇಖನದಲ್ಲಿ ನಾವು ಭಾಷೆಯನ್ನೇ ಆಧರಿಸಿದ ಸ್ವತಂತ್ರ ವೃತ್ತಿಗಳನ್ನು ಕುರಿತು ವಿಚಾರ ಮಾಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ: ಹೊಸದೆಂಬ ಕಾರಣಕ್ಕೆ ಯಾವುದನ್ನೂ ಕಲಿಯಹೊರಡದೆ, ತಮ್ಮಲ್ಲಿ ಈಗಾಗಲೇ ಇರುವ ಅನುಭವಕ್ಕೆ ಅತ್ಯಂತ ಸಮೀಪವಾಗಿರುವ ಕೌಶಲವನ್ನು ಆರಿಸಿಕೊಂಡು, ಅದರಲ್ಲಿ ಹೊಣೆ ಹೊರುವಷ್ಟು ಪಳಗುವುದೇ ಸರಿಯಾದ ದಾರಿ.

ಯಂತ್ರಾನುವಾದ ತಂದ ಬದಲಾವಣೆ

ಭಾಷಾವೃತ್ತಿಯನ್ನು ಕುರಿತು ಮಾತನಾಡುವವರು ಯಂತ್ರಾನುವಾದವನ್ನು ಕಡೆಗಣಿಸುವಂತಿಲ್ಲ. ಗೂಗಲ್ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರ ಜೂನ್ ತಿಂಗಳಲ್ಲಿ. ಆಗಿನ ಅನುವಾದಗಳು ನಗೆಗೆ ವಸ್ತುವಾಗಿದ್ದವು. 2017ರಲ್ಲಿ ನರಜಾಲ ಆಧಾರಿತ ಪದ್ಧತಿ ಕನ್ನಡಕ್ಕೂ ಬಂದ ಮೇಲೆ ವಾಕ್ಯಗಳು ಸುಧಾರಿಸಿದವು. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪುಗಳ ಅನುವಾದಕ್ಕಾಗಿ ‘ಸುವಾಸ್’ ಎಂಬ ತಂತ್ರಾಂಶವನ್ನು ಬಳಕೆಗೆ ತಂದಿತು. ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆ 2022ರಲ್ಲಿ ಆರಂಭವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಸಾಮಾನ್ಯ ಪತ್ರ, ಸೂಚನೆ, ಪ್ರಕಟಣೆಗಳ ಮೊದಲ ಕರಡನ್ನು ಯಂತ್ರದಿಂದಲೇ ಪಡೆಯುವುದು ರೂಢಿಯಾಯಿತು.

ಇದರ ಪರಿಣಾಮವನ್ನು ಸ್ಪಷ್ಟವಾಗಿ ತಿಳಿಯಬೇಕು. ‘ಎರಡು ಭಾಷೆ ಬಲ್ಲೆ’ ಎಂಬುದಷ್ಟೇ ಈಗ ಮಾರಾಟಕ್ಕೆ ಸಲ್ಲುವ ಅರ್ಹತೆಯಾಗಿ ಉಳಿದಿಲ್ಲ. ಆದರೆ ಯಂತ್ರ ಕೊಟ್ಟದ್ದು ಸರಿಯೋ ತಪ್ಪೋ ಎಂದು ನಿರ್ಣಯಿಸಿ, ಅದಕ್ಕೆ ತನ್ನ ಹೆಸರಿನ ಹೊಣೆ ಹೊರಬಲ್ಲವರ ಅಗತ್ಯ ಉಳಿದಿದೆ. ‘ಇಂಟರೆಸ್ಟ್’ ಎಂಬ ಪದ ಸಾಲದ ಪತ್ರದಲ್ಲಿ ಬಡ್ಡಿ, ಸಾಮಾನ್ಯ ಬರಹದಲ್ಲಿ ಆಸಕ್ತಿ, ಆಸ್ತಿಯ ದಸ್ತಾವೇಜಿನಲ್ಲಿ ಹಿತಾಸಕ್ತಿ ಅಥವಾ ಹಕ್ಕು. ‘ಪಾಲಿಸಿ’ ಎಂಬುದು ವಿಮೆಯಲ್ಲಿ ಪಾಲಿಸಿಯೇ, ಸರಕಾರದ ಕಡತದಲ್ಲಿ ನೀತಿ. ಆಸ್ಪತ್ರೆಯ ಕಾಗದದಲ್ಲಿ ‘ಡಿಸ್ಚಾರ್ಜ್’ ಎಂದರೆ ಒಂದು ಸಾಲಿನಲ್ಲಿ ರೋಗಿಯ ಬಿಡುಗಡೆ, ಇನ್ನೊಂದು ಸಾಲಿನಲ್ಲಿ ಗಾಯದ ಸ್ರಾವ. ಇಂಥ ಕಡೆಗಳಲ್ಲಿ ಯಂತ್ರ ಎಡವಿದರೂ ವಾಕ್ಯ ನಯವಾಗಿಯೇ ಇರುತ್ತದೆ. ವಿಷಯ ಬಲ್ಲವರಿಗೆ ಮಾತ್ರ ತಪ್ಪು ಕಾಣುತ್ತದೆ. ಆದ್ದರಿಂದ ಭಾಷೆಯ ಜೊತೆಗೆ ವಿಷಯಜ್ಞಾನ ಸೇರಿದಾಗಲೇ ಬೆಲೆ ದೊರೆಯುತ್ತದೆ.

ಆಯ್ಕೆಗೆ ಮುನ್ನ ನಾಲ್ಕು ಪ್ರಶ್ನೆಗಳು

ಒಂದು ಕೌಶಲಕ್ಕೆ ಹಣ, ಸಮಯಗಳನ್ನು ತೊಡಗಿಸುವ ಮೊದಲು ಈ ನಾಲ್ಕು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

1. ಇದು ನನ್ನ ಅನುಭವಕ್ಕೆ ಎಷ್ಟು ಸಮೀಪ? ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರಿಗೆ ಸಾಲ, ಅಡಮಾನ, ಜಾಮೀನುಗಳ ಭಾಷೆ ಕರತಲಾಮಲಕ. ಅವರು ಬ್ಯಾಂಕಿಂಗ್ ಅನುವಾದಕ್ಕೆ ಇಳಿದರೆ ಅರ್ಧ ದಾರಿ ನಡೆದೇ ಬಂದಂತೆ. ಅವರೇ ಚಿತ್ರಗಳ ಸಬ್‌ಟೈಟಲ್ ಕೆಲಸಕ್ಕೆ ಹೋದರೆ ಮೊದಲ ಮೆಟ್ಟಿಲಿನಿಂದ ಆರಂಭಿಸಬೇಕಾಗುತ್ತದೆ.

2. ಹಣ ಕೊಡುವವರು ಯಾರು, ಎಷ್ಟು ಸಲ ಕೊಡುತ್ತಾರೆ? ‘ಬೇಡಿಕೆ ಇದೆಯಂತೆ’ ಎಂಬ ಮಾತು ಸಾಲದು. ಅಂಥ ಕೆಲಸ ಕೊಡುವ ಹತ್ತು ಸಂಸ್ಥೆಗಳ ಪಟ್ಟಿ ಮಾಡಲು ಸಾಧ್ಯವಾಗುತ್ತದೆಯೇ ಎಂದು ನೋಡಬೇಕು. ಹತ್ತು ಪ್ರಕಟಣೆಗಳನ್ನು ಓದಿ, ಅವುಗಳಲ್ಲಿ ಪದೇಪದೇ ಕೇಳುವ ಅರ್ಹತೆಗಳನ್ನು ಗುರುತಿಸಬೇಕು. ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸಕ್ಕಿಂತ ತಿಂಗಳು ತಿಂಗಳು ಬರುವ ಸಣ್ಣ ಕೆಲಸ ಗೃಹಕೃತ್ಯಕ್ಕೆ ಹೆಚ್ಚು ಆಧಾರ.

3. ಮೊದಲ ಕರಡನ್ನು ಯಂತ್ರವೇ ಮಾಡಿದರೆ ನನಗೆ ಉಳಿಯುವ ಕೆಲಸವೇನು? ಏನೂ ಉಳಿಯದಿದ್ದರೆ ಆ ಕೌಶಲವನ್ನು ಬಿಡುವುದೇ ಲೇಸು. ಪರಿಶೀಲನೆ, ನಿರ್ಣಯ, ಧ್ವನಿ, ಗ್ರಾಹಕರೊಡನೆ ಮಾತುಕತೆ ಇವುಗಳಲ್ಲಿ ಯಾವುದಾದರೂ ಉಳಿದರೆ ಅದೇ ಕಲಿಕೆಯ ಕೇಂದ್ರವಾಗಬೇಕು.

4. ಆರು ತಿಂಗಳೊಳಗೆ ನಾನು ಏನನ್ನು ತೋರಿಸಬಲ್ಲೆ? ಸ್ವತಂತ್ರ ವೃತ್ತಿಯಲ್ಲಿ ಪ್ರಮಾಣಪತ್ರಕ್ಕಿಂತ ಮಾದರಿ ಕೆಲಸಕ್ಕೆ ಬೆಲೆ ಹೆಚ್ಚು. ಎರಡು ಪುಟಗಳ ಅಚ್ಚುಕಟ್ಟಾದ ಅನುವಾದ, ಐದು ನಿಮಿಷಗಳ ಸಬ್‌ಟೈಟಲ್, ಒಂದು ನಿಮಿಷದ ಧ್ವನಿಮುದ್ರಣ ಇವು ಮಾತನಾಡುತ್ತವೆ.

ನಾಲ್ಕರಲ್ಲಿ ಮೂರಕ್ಕೆ ಸಮಾಧಾನಕರ ಉತ್ತರ ದೊರೆತರೆ ಮುಂದುವರಿಯಬಹುದು. ಎರಡನೆಯ ಪ್ರಶ್ನೆಗೇ ಉತ್ತರ ಸಿಗದಿದ್ದರೆ, ಉಳಿದ ಮೂರೂ ಚೆನ್ನಾಗಿದ್ದರೂ ಅದನ್ನು ಹವ್ಯಾಸವೆಂದೇ ಭಾವಿಸತಕ್ಕದ್ದು.

ಭಾಷಾವೃತ್ತಿಯ ಪ್ರಮುಖ ಕ್ಷೇತ್ರಗಳು

ವಿಷಯಾಧಾರಿತ ಅನುವಾದ: ಕಾನೂನು, ಬ್ಯಾಂಕಿಂಗ್, ವಿಮೆ, ವೈದ್ಯಕೀಯ, ಕೃಷಿ, ಶಿಕ್ಷಣ ಇವು ಮುಖ್ಯ ವಿಷಯಗಳು. ಇಲ್ಲಿ ಬೇಕಾದ ಕೌಶಲ ಮೂರು ಬಗೆಯದು. ಮೊದಲನೆಯದು ಪಾರಿಭಾಷಿಕ ಪದಗಳ ಸ್ವಂತ ಪಟ್ಟಿ. ಪ್ರತಿ ಕೆಲಸದಿಂದಲೂ ಪದಗಳನ್ನು ಆಯ್ದು, ಎಲ್ಲಿ ಯಾವ ಅರ್ಥದಲ್ಲಿ ಬಳಸಿದ್ದೆಂದು ಬರೆದಿಡುತ್ತ ಹೋದರೆ ಎರಡು ವರ್ಷಗಳಲ್ಲಿ ಅದೇ ಅನುವಾದಕರ ದೊಡ್ಡ ಆಸ್ತಿಯಾಗುತ್ತದೆ. ಎರಡನೆಯದು ಅನುವಾದಕ್ಕೆ ನೆರವಾಗುವ ತಂತ್ರಾಂಶಗಳ ಪರಿಚಯ. ಟ್ರಾಡೋಸ್, ಮೆಮೊಕ್ಯೂ ಮೊದಲಾದವು ಹಿಂದೆ ಅನುವಾದಿಸಿದ ವಾಕ್ಯಗಳನ್ನು ನೆನಪಿಟ್ಟುಕೊಂಡು ಅಂಥದೇ ವಾಕ್ಯ ಬಂದಾಗ ಮುಂದಿಡುತ್ತವೆ. ಒಮೆಗಾಟಿ ಎಂಬುದು ಇದೇ ಬಗೆಯ ಉಚಿತ ತಂತ್ರಾಂಶ. ಹೊಸಬರು ಅದರಿಂದ ಆರಂಭಿಸಬಹುದು. ಮೂರನೆಯದು ಓದುಗನನ್ನು ಅರಿತು ಬರೆಯುವ ಅಭ್ಯಾಸ. ರೈತರಿಗೆ ಬರೆಯುವ ಬೆಳೆ ವಿಮೆಯ ಕರಪತ್ರಕ್ಕೂ ನ್ಯಾಯಾಲಯಕ್ಕೆ ಸಲ್ಲಿಸುವ ಪತ್ರಕ್ಕೂ ಭಾಷೆ ಒಂದೇ ಆಗಿರಲಾರದು.

ಇಲ್ಲಿ ಹೊರನಾಡ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಬೆಂಗಳೂರಿನಲ್ಲಿ ಬಹಳಷ್ಟು ಜನರಿದ್ದಾರೆ. ಮರಾಠಿ-ಕನ್ನಡ, ತಮಿಳು-ಕನ್ನಡ, ತೆಲುಗು-ಕನ್ನಡ ಜೋಡಿಗಳಲ್ಲಿ ಸಮರ್ಥರು ಅಷ್ಟಿಲ್ಲ. ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಪುಣೆಯಲ್ಲಿಯೇ ನೆಲೆಸಿದ ಉಮಾ ಕುಲಕರ್ಣಿಯವರು ಭೈರಪ್ಪನವರ ‘ವಂಶವೃಕ್ಷ’ವನ್ನು ಮರಾಠಿಗೆ ತಂದು 1989ರ ಸಾಹಿತ್ಯ ಅಕಾಡೆಮಿ ಅನುವಾದ ಬಹುಮಾನ ಪಡೆದರು. ನೆರೆಯ ಭಾಷೆಯನ್ನು ಕೇಳಿ ತಿಳಿಯುವ ಮಟ್ಟದಿಂದ ಓದಿ ಬರೆಯುವ ಮಟ್ಟಕ್ಕೆ ಏರಿಸಿಕೊಳ್ಳುವುದು ನಮ್ಮವರಿಗೆ ಅತಿ ಕಡಿಮೆ ಶ್ರಮದಲ್ಲಿ ಹೆಚ್ಚು ಫಲ ಕೊಡುವ ಕಲಿಕೆಯೆಂಬುದು ನಮ್ಮ ಎಣಿಕೆ.

ಯಂತ್ರಾನುವಾದದ ಪರಿಷ್ಕರಣೆ: ಯಂತ್ರದ ಕರಡನ್ನು ಮೂಲದೊಡನೆ ಹೋಲಿಸಿ ತಿದ್ದುವ ಕೆಲಸ ಇದು. ಇದಕ್ಕಾಗಿಯೇ 2017ರಲ್ಲಿ ಐಎಸ್ಒ 18587 ಎಂಬ ಅಂತಾರಾಷ್ಟ್ರೀಯ ಮಾನಕ ಪ್ರಕಟವಾಯಿತು. ಅದಕ್ಕೂ ಮೊದಲು, 2015ರಲ್ಲಿ ಬಂದ ಐಎಸ್ಒ 17100 ಮಾನಕವು ಅನುವಾದವನ್ನು ಅನುವಾದಕರಲ್ಲದ ಇನ್ನೊಬ್ಬರು ಮೂಲದೊಡನೆ ಹೋಲಿಸಿ ನೋಡಲೇಬೇಕೆಂದು ವಿಧಿಸಿತು. ಹೀಗಾಗಿ ಪರಿಷ್ಕಾರಕರ ಸ್ಥಾನ ಗಟ್ಟಿಯಾಗಿದೆ. ಆದರೆ ಈ ಕೆಲಸಕ್ಕೆ ದರ ಕಡಿಮೆ, ದಣಿವು ಹೆಚ್ಚು. ಅಂಕಿಗಳು, ಹೆಸರುಗಳು, ನಿಷೇಧಾರ್ಥಕ ವಾಕ್ಯಗಳು, ಬಿಟ್ಟುಹೋದ ಸಾಲುಗಳು ಇವುಗಳನ್ನು ಕ್ರಮವಾಗಿ ನೋಡುವ ಶಿಸ್ತು ಬೆಳೆಸಿಕೊಂಡವರಿಗೆ ಮಾತ್ರ ಇದು ಕೈಹತ್ತುತ್ತದೆ. ಯಂತ್ರದ ಕನ್ನಡ ತೀರ ಕಳಪೆಯಾಗಿದ್ದಾಗ ‘ಇದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯಬೇಕು, ದರ ಬೇರೆ’ ಎಂದು ಮೊದಲೇ ತಿಳಿಸುವ ದಿಟ್ಟತನವೂ ಬೇಕು.

ಕರಡು ತಿದ್ದುವಿಕೆ ಮತ್ತು ಅಕ್ಷರ ಜೋಡಣೆ: ಕನ್ನಡ ಪುಸ್ತಕ, ಸ್ಮರಣ ಸಂಚಿಕೆ, ಆಮಂತ್ರಣ, ಜಾಹೀರಾತುಗಳಲ್ಲಿ ಅಚ್ಚಿನ ತಪ್ಪುಗಳಿಗೆ ಕೊರತೆಯಿಲ್ಲ. ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ಪದಗಳನ್ನು ಕೂಡಿಸುವ ಬಿಡಿಸುವ ನಿಯಮಗಳನ್ನು ಬಲ್ಲವರಿಗೆ ಇಲ್ಲಿ ಅವಕಾಶವಿದೆ. ಇದರ ಜೊತೆಗೆ ಗಣಕದ ಅಕ್ಷರಗಳ ಜ್ಞಾನ ಸೇರಿದರೆ ಬೆಲೆ ಇಮ್ಮಡಿಯಾಗುತ್ತದೆ. ಬರಹ ತಂತ್ರಾಂಶ ಬಂದದ್ದು 1998ರಲ್ಲಿ, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು, ಪುಣೆಯ ಮಾಡ್ಯುಲರ್ ಇನ್ಫೊಟೆಕ್ ಸಂಸ್ಥೆಯ ಶ್ರೀಲಿಪಿ ಅನೇಕ ಮುದ್ರಣಾಲಯಗಳಿಗೆ ಪ್ರವೇಶಿಸಿತು. ಒಂದು ಕಾಲದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ನುಡಿಗೆ ಆಧಾರ. ಈ ಹಳೆಯ ಅಕ್ಷರ ವಿನ್ಯಾಸಗಳಲ್ಲಿರುವ ಬರಹವನ್ನು ಯುನಿಕೋಡ್‌ಗೆ ತರುವಾಗ ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು. ಅವುಗಳನ್ನು ಸರಿಪಡಿಸಬಲ್ಲ, ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡ ಯುನಿಕೋಡ್ ಸರಿಯಾಗಿ ಮೂಡುವಂತೆ ಹೊಂದಿಸಬಲ್ಲ ವ್ಯಕ್ತಿಗೆ ಪ್ರಕಾಶಕರು ಮತ್ತೆ ಮತ್ತೆ ಕರೆ ಕಳುಹಿಸುತ್ತಾರೆ.

ಸಬ್‌ಟೈಟಲ್: ಚಿತ್ರಗಳು, ಧಾರಾವಾಹಿಗಳು, ಪಾಠಗಳು, ಸಂಸ್ಥೆಗಳ ಕಿರುಚಿತ್ರಗಳು ಇವೆಲ್ಲಕ್ಕೂ ಉಪಶೀರ್ಷಿಕೆ ಬೇಕು. ತೆರೆಯ ಮೇಲೆ ಒಮ್ಮೆಗೆ ಎರಡು ಸಾಲುಗಳಿಗಿಂತ ಹೆಚ್ಚಿರಬಾರದೆಂಬುದು ಸಾಮಾನ್ಯ ನಿಯಮ. ಪಾತ್ರ ಆಡಿದ್ದೆಲ್ಲವನ್ನೂ ಬರೆಯಹೋದರೆ ನೋಡುಗನಿಗೆ ಓದಲು ಸಮಯ ಸಾಲದು. ಆದ್ದರಿಂದ ಅರ್ಥ ಕೆಡದಂತೆ ಮೊಟಕುಗೊಳಿಸುವುದೇ ಇಲ್ಲಿಯ ಮುಖ್ಯ ಕೌಶಲ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಮನೆಯಲ್ಲಿಯೇ ಅಭ್ಯಾಸ ಮಾಡಬಹುದು. ಮಂಗಳೂರು, ಧಾರವಾಡ, ಕಲಬುರ್ಗಿಗಳ ಆಡುಮಾತು ಕಿವಿಗೆ ಪರಿಚಯವಿರುವವರು ಕನ್ನಡದಿಂದ ಇಂಗ್ಲಿಷಿಗೆ ಕೊಡುವ ಸಬ್‌ಟೈಟಲ್‌ಗಳಲ್ಲಿ ಇತರರಿಗಿಂತ ಮುಂದಿರುತ್ತಾರೆ.

ಕಂಠದಾನ ಮತ್ತು ಡಬ್ಬಿಂಗ್: ಕನ್ನಡಕ್ಕೆ ಡಬ್ಬಿಂಗ್ ಬಹುಕಾಲ ನಿಂತುಹೋಗಿತ್ತು. ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ನೀಡಿದ ಆದೇಶದ ಬಳಿಕ ದಾರಿ ತೆರೆಯಿತು. ಈಗ ಅನ್ಯಭಾಷೆಯ ಚಿತ್ರಗಳು, ಧಾರಾವಾಹಿಗಳು ಕನ್ನಡದಲ್ಲಿ ಮಾತನಾಡುತ್ತಿವೆ. ಮುಂಬಯಿ, ಚೆನ್ನೈ, ಹೈದರಾಬಾದುಗಳು ಮೊದಲಿನಿಂದಲೂ ಧ್ವನಿಮುದ್ರಣದ ಕೇಂದ್ರಗಳಾಗಿರುವುದರಿಂದ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಸ್ಟುಡಿಯೊಗಳು ಹತ್ತಿರವಿವೆ. ಆದರೆ ಕಂಠ ಚೆನ್ನಾಗಿದ್ದರೆ ಸಾಲದು. ಶುದ್ಧ ಉಚ್ಚಾರ, ತುಟಿಯ ಚಲನೆಗೆ ಹೊಂದುವ ಮಾತು, ಬರೆದದ್ದನ್ನು ಒಂದೇ ನೋಟಕ್ಕೆ ಓದುವ ವೇಗ ಬೇಕು. ಕೃತಕ ಧ್ವನಿಗಳೂ ಈ ಕ್ಷೇತ್ರಕ್ಕೆ ಕಾಲಿಟ್ಟಿರುವುದರಿಂದ, ಬರೀ ಪ್ರಕಟಣೆ ಓದುವ ಕೆಲಸವನ್ನು ನೆಚ್ಚದೆ ಅಭಿನಯ ಮತ್ತು ಸಂಭಾಷಣೆಯ ರೂಪಾಂತರವನ್ನೂ ಕಲಿಯುವುದು ಒಳಿತು. ತಮ್ಮ ಧ್ವನಿಯನ್ನು ಯಂತ್ರದ ತರಬೇತಿಗೆ ಬಳಸಲು ಅನುಮತಿ ಇದೆಯೇ ಇಲ್ಲವೇ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳತಕ್ಕದ್ದು.

ಸಾಹಿತ್ಯಾನುವಾದ: ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಗಳಿಸಿದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟರು. 50,000 ಪೌಂಡುಗಳ ಆ ಬಹುಮಾನವನ್ನು ಲೇಖಕಿ, ಅನುವಾದಕಿ ಇಬ್ಬರಿಗೂ ಸಮವಾಗಿ ಹಂಚಲಾಯಿತು. ಅನುವಾದಕರ ಶ್ರಮಕ್ಕೆ ದೊರೆತ ಈ ಮಾನ್ಯತೆ ಸಂತೋಷದ ಸಂಗತಿ. ಆದರೂ ಸಾಹಿತ್ಯಾನುವಾದವನ್ನು ಮನೆಯ ಖರ್ಚಿಗೆ ನೆಚ್ಚಿಕೊಳ್ಳುವುದು ಕಷ್ಟ. ಬೇರೊಂದು ಸ್ಥಿರವಾದ ಕೆಲಸದ ಜೊತೆಗೆ ಇದನ್ನು ಇಟ್ಟುಕೊಂಡರೆ ಭಾಷೆಯೂ ಹರಿತವಾಗಿ ಉಳಿಯುತ್ತದೆ.

ಕನ್ನಡ ಬೋಧನೆ: ಹೊರನಾಡು, ಹೊರದೇಶಗಳ ಮಕ್ಕಳಿಗೆ, ಕರ್ನಾಟಕಕ್ಕೆ ವರ್ಗವಾಗಿ ಹೋಗುವ ಅಧಿಕಾರಿಗಳಿಗೆ ದೂರದಿಂದಲೇ ಕನ್ನಡ ಕಲಿಸಲು ಇಂದು ಅವಕಾಶವಿದೆ. ಕನ್ನಡ ಬಲ್ಲವರೆಲ್ಲ ಕಲಿಸಲಾರರು. ಪಾಠಕ್ರಮ ರೂಪಿಸುವುದು, ಅಭ್ಯಾಸ ಹಾಳೆ ಸಿದ್ಧಪಡಿಸುವುದು ಇಲ್ಲಿ ಕಲಿಯಬೇಕಾದ ಕೌಶಲ.

ಎಲ್ಲರಿಗೂ ಬೇಕಾದ ವ್ಯವಹಾರ ಕೌಶಲ

ಕಸುಬಿನಲ್ಲಿ ನಿಪುಣರಾಗಿದ್ದೂ ವ್ಯವಹಾರ ತಿಳಿಯದೆ ಸೋತವರು ಅನೇಕರಿದ್ದಾರೆ. ಆದ್ದರಿಂದ ಕೆಳಗಿನವುಗಳನ್ನೂ ಕೌಶಲಗಳೆಂದೇ ಎಣಿಸಿ ಕಲಿಯಬೇಕು.

ದರ ನಿಗದಿ: ತಿಂಗಳಿಗೆ 40,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಗ್ರಾಹಕರನ್ನು ಹುಡುಕುವುದು, ಪತ್ರ ಬರೆಯುವುದು, ತಿದ್ದುಪಡಿ, ಕಲಿಕೆ ಇವಕ್ಕೆ ಕಾಲ ಹೋಗಿ, ಹಣ ತರುವ ದಿನಗಳು ತಿಂಗಳಲ್ಲಿ ಹದಿನೈದೇ ಉಳಿದರೆ ದಿನಕ್ಕೆ ಸುಮಾರು 2,667 ರೂಪಾಯಿ ಬರಬೇಕು. ದಿನಕ್ಕೆ 2,000 ಪದ ಅನುವಾದಿಸುವವರು ಪದಕ್ಕೆ 1 ರೂಪಾಯಿ 33 ಪೈಸೆಗಿಂತ ಕಡಿಮೆ ಒಪ್ಪುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿಕೊಳ್ಳಬೇಕು. ಪದಗಳನ್ನು ಎಣಿಸುವುದು ಮೂಲದಲ್ಲೋ ಅನುವಾದದಲ್ಲೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ‘ಐ ವುಡ್ ಹ್ಯಾವ್ ಹ್ಯಾಡ್ ಟು ಗೋ’ ಎಂಬಲ್ಲಿ ಆರು ಪದಗಳಿವೆ. ‘ನಾನು ಹೋಗಬೇಕಾಗುತ್ತಿತ್ತು’ ಎಂಬಲ್ಲಿ ಎರಡೇ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಕನ್ನಡದ ಪದಗಳನ್ನು ಎಣಿಸಿದರೆ ನಷ್ಟ ಅನುವಾದಕರಿಗೇ.

ಕರಾರು ಮತ್ತು ಹಕ್ಕು: ಕೆಲಸದ ಪ್ರಮಾಣ, ಗಡುವು, ದರ, ಉಚಿತ ತಿದ್ದುಪಡಿಗಳ ಸಂಖ್ಯೆ, ಹಣ ಕೊಡುವ ದಿನ ಇಷ್ಟಾದರೂ ಇಮೇಲಿನಲ್ಲಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅನುವಾದದ ಹಕ್ಕು ಮೂಲ ಲೇಖಕರದು. ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಆ ಹಕ್ಕು ಉಳಿಯುತ್ತದೆ. ಆದ್ದರಿಂದ ಅನುಮತಿ ಪಡೆಯದೆ ಕೃತಿಯ ಅನುವಾದವನ್ನು ಪ್ರಕಟಿಸುವಂತಿಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ.

ತೆರಿಗೆ ಮತ್ತು ನೋಂದಣಿ: ಕಂಪನಿಗಳು ವೃತ್ತಿಪರ ಶುಲ್ಕ ಕೊಡುವಾಗ ಸಾಮಾನ್ಯವಾಗಿ ಶೇಕಡಾ 10 ತೆರಿಗೆ ಮುರಿದುಕೊಳ್ಳುತ್ತವೆ, 2025ರ ಏಪ್ರಿಲ್ 1ರಿಂದ ಇದರ ವಾರ್ಷಿಕ ಮಿತಿ 30,000ದಿಂದ 50,000 ರೂಪಾಯಿಗೆ ಏರಿತು. ಮುರಿದ ಹಣ ತಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ನೋಡಿಕೊಂಡು, ವಿವರಪತ್ರ ಸಲ್ಲಿಸಿ, ಹೆಚ್ಚಾದದ್ದನ್ನು ಹಿಂದಕ್ಕೆ ಪಡೆಯಬಹುದು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ, ಕೆಲವು ವಿಶೇಷ ವರ್ಗದ ರಾಜ್ಯಗಳಲ್ಲಿ 10 ಲಕ್ಷ ಮೀರುವವರೆಗೆ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿ ಉಚಿತ. ನೋಂದಾಯಿತ ಸೂಕ್ಷ್ಮ ಉದ್ಯಮಕ್ಕೆ ಕರಾರಿದ್ದರೂ 45 ದಿನಗಳೊಳಗೆ, ಲಿಖಿತ ಕರಾರಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಬಾಕಿ ಕೇಳಲು ಹಿಂಜರಿಯುವವರಿಗೆ ಇದು ಒಳ್ಳೆಯ ಆಸರೆ.

ಯಾರಿಗೆ ಯಾವುದು?

ನಿವೃತ್ತರಿಗೆ: ಬ್ಯಾಂಕ್, ವಿಮೆ, ರೈಲ್ವೆ, ನ್ಯಾಯಾಲಯ, ಆಸ್ಪತ್ರೆಗಳಲ್ಲಿ ದುಡಿದವರು ತಮ್ಮ ಕ್ಷೇತ್ರದ ಅನುವಾದ ಮತ್ತು ಪರಿಶೀಲನೆಯನ್ನೇ ಹಿಡಿಯಲಿ. ಅವರು ಕಲಿಯಬೇಕಾದದ್ದು ಯುನಿಕೋಡ್ ಬೆರಳಚ್ಚು ಮತ್ತು ಒಂದು ಅನುವಾದ ತಂತ್ರಾಂಶ. ವಿಷಯ ಅವರಲ್ಲಿ ಇದ್ದೇ ಇದೆ.

ಗೃಹಿಣಿಯರಿಗೆ: ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಮದುವೆಯಾಗಿ ಮಹಾನಗರಕ್ಕೆ ಬಂದ ಸಹೋದರಿಯರ ಕನ್ನಡ ಬಹುಮಟ್ಟಿಗೆ ಶುದ್ಧವಾಗಿಯೂ ಸಮೃದ್ಧವಾಗಿಯೂ ಇರುತ್ತದೆ. ಕರಡು ತಿದ್ದುವಿಕೆ, ಬೋಧನೆ, ಕಂಠದಾನ ಇವು ಅವರಿಗೆ ಸಮೀಪದ ಕ್ಷೇತ್ರಗಳು. ದಿನಕ್ಕೆ ಎರಡು ಗಂಟೆಗಳ ಬಿಡುವಿನಲ್ಲಿಯೇ ಆರಂಭಿಸಬಹುದು. ಮನೆಯವರು ಆ ಎರಡು ಗಂಟೆಗಳನ್ನು ಕಚೇರಿಯ ಸಮಯದಂತೆ ಗೌರವಿಸುವುದು ಅಗತ್ಯ.

ತರುಣರಿಗೆ: ಮಹಾನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡ ಮಾತನಾಡುತ್ತಾರೆ, ಆದರೆ ಹಲವರಿಗೆ ಓದಿ ಬರೆಯಲು ಬಾರದು. ಅವರಿಗೆ ತಂತ್ರಾಂಶ, ವಿಡಿಯೊ, ಇಂಗ್ಲಿಷ್ ಸುಲಭ. ಕನ್ನಡದಿಂದ ಇಂಗ್ಲಿಷಿಗೆ ಸಬ್‌ಟೈಟಲ್ ಅವರಿಗೆ ತಕ್ಕ ಬಾಗಿಲು. ಲಿಪಿ ಕಲಿಯಲು ಮೂರು ತಿಂಗಳು ಕೊಟ್ಟರೆ ಇನ್ನಷ್ಟು ಬಾಗಿಲುಗಳು ತೆರೆಯುತ್ತವೆ. ಸಂಸ್ಕೃತಿ ಉಳಿಸಬೇಕೆಂಬ ಉಪದೇಶಕ್ಕೆ ಕಿವಿಗೊಡದ ಮಗನೋ ಮಗಳೋ ಕನ್ನಡದಿಂದ ಗಳಿಸಿದ ಮೊದಲ ಸಾವಿರ ರೂಪಾಯಿ ಕಂಡಾಗ ಅಕ್ಷರಮಾಲೆಯತ್ತ ತಾವಾಗಿಯೇ ತಿರುಗಬಹುದು.

ಆರು ತಿಂಗಳ ಕ್ರಮ

ಮೊದಲ ತಿಂಗಳು ಕ್ಷೇತ್ರದ ಆಯ್ಕೆ ಮತ್ತು ಕೆಲಸ ಕೊಡುವವರ ಪಟ್ಟಿ. ಎರಡನೆಯ, ಮೂರನೆಯ ತಿಂಗಳು ಒಂದೇ ಒಂದು ಕೌಶಲದ ಅಭ್ಯಾಸ. ಜೊತೆಗೆ ಯುನಿಕೋಡ್ ಬೆರಳಚ್ಚು. ನಾಲ್ಕನೆಯ ತಿಂಗಳು ಮೂರು ಮಾದರಿಗಳ ತಯಾರಿ. ಅವುಗಳನ್ನು ಬಲ್ಲವರೊಬ್ಬರಿಗೆ ತೋರಿಸಿ ನಿಷ್ಠುರವಾಗಿ ತಿದ್ದಿಸಿಕೊಳ್ಳಬೇಕು. ಐದನೆಯ ತಿಂಗಳು ವಾರಕ್ಕೆ ಐದರಂತೆ ಇಪ್ಪತ್ತು ಸಂಸ್ಥೆಗಳಿಗೆ ಪತ್ರ. ಆರನೆಯ ತಿಂಗಳು ಬಂದ ಉತ್ತರಗಳ ಪರಿಶೀಲನೆ. ಪರೀಕ್ಷೆಯಲ್ಲಿ ಸೋತಿದ್ದರೆ ಅದೇ ಕೌಶಲವನ್ನು ಗಟ್ಟಿಗೊಳಿಸಬೇಕು. ಯಾರೂ ಉತ್ತರಿಸದಿದ್ದರೆ ಕ್ಷೇತ್ರವನ್ನೇ ಮರುವಿಚಾರ ಮಾಡಬೇಕು. ಒಂದು ನಿಲ್ಲುವ ಮುನ್ನ ಎರಡನೆಯದನ್ನು ಕಲಿಯಹೊರಡುವುದು ಬೇಡ. ನೌಕರಿಯಲ್ಲಿರುವವರು ಆರು ತಿಂಗಳ ಮನೆಖರ್ಚನ್ನು ಕೂಡಿಡುವವರೆಗೆ ನೌಕರಿ ಬಿಡದಿರುವುದು ವಿವೇಕ.

ಮೋಸದ ಬಗ್ಗೆ ಎಚ್ಚರ

ಮನೆಯಲ್ಲೇ ಕುಳಿತು ಬೆರಳಚ್ಚು ಮಾಡಿ ಗಳಿಸಿರೆಂಬ ಜಾಹೀರಾತುಗಳ ಹಿಂದೆ ಮೋಸಗಾರರಿರುವುದುಂಟು. ನೋಂದಣಿ ಶುಲ್ಕ, ಠೇವಣಿ ಕೇಳುವವರು ಕೆಲಸ ಕೊಡುವವರಲ್ಲ. ಅಸಾಧ್ಯವಾದ ನಿಖರತೆಯ ಷರತ್ತು ಹಾಕಿ, ಬಳಿಕ ‘ಕರಾರು ಮುರಿದಿರಿ, ದಂಡ ಕಟ್ಟಿರಿ, ಇಲ್ಲವಾದರೆ ಮೊಕದ್ದಮೆ’ ಎಂದು ಹೆದರಿಸುವ ಜಾಲಗಳಿಗೆ ಗೃಹಿಣಿಯರೂ ವಿದ್ಯಾರ್ಥಿಗಳೂ ಬಲಿಯಾಗಿದ್ದಾರೆ. ಇಂಥ ಬೆದರಿಕೆಗೆ ಹಣ ಕಟ್ಟದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಡಬೇಕು. ಇನ್ನು ಪರೀಕ್ಷೆಯ ಹೆಸರಿನಲ್ಲಿ ಹತ್ತಾರು ಪುಟಗಳನ್ನು ಪುಕ್ಕಟೆಯಾಗಿ ಮಾಡಿಸಿಕೊಳ್ಳುವವರೂ ಉಂಟು. ಮಾದರಿಗೆ ಒಂದು ಪುಟ ಧಾರಾಳವಾಯಿತು.

ನಮ್ಮ ಮನೆಗಳಲ್ಲಿ ಹಿರಿಯರ ವೃತ್ತಿಜ್ಞಾನವಿದೆ, ಗೃಹಿಣಿಯರ ಶುದ್ಧ ಕನ್ನಡವಿದೆ, ಮಕ್ಕಳ ಗಣಕ ಪರಿಣತಿಯಿದೆ. ಹಲವು ವೇಳೆ ಈ ಮೂರೂ ಒಂದೇ ಮನೆಯಲ್ಲಿದ್ದರೂ ಪರಸ್ಪರ ಕೂಡುವುದಿಲ್ಲ. ನಿವೃತ್ತ ತಂದೆ ಅನುವಾದಿಸಿ, ತಾಯಿ ಕರಡು ತಿದ್ದಿ, ಮಗಳು ಪುಟ ಜೋಡಿಸಿ ಬಿಲ್ಲು ಕಳುಹಿಸುವ ಮನೆಯೊಂದು ಸಣ್ಣ ಸಂಸ್ಥೆಯೇ ಆಗಬಲ್ಲದು. ಓದುಗರು ತಮ್ಮ ಮನೆಯಲ್ಲಿ ಈಗಾಗಲೇ ಏನಿದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಆ ಬಳಿಕವೇ ಹೊಸ ತರಗತಿಗಳಿಗೆ ಹಣ ಕಟ್ಟುವ ವಿಚಾರ ಮಾಡಬೇಕೆಂದು ನಾವು ವಿನಂತಿಸುತ್ತೇವೆ.